ವಕ್ರೀಭವನ: ಸೊಟ್ಟ ಹೌದು, ಆದರೆ ಎಲ್ಲಿ?

ಮೊನ್ನೆ ಮತ್ತೊಂದು ವಾಟ್ಸಾಪ್ ಫಾರ್ವರ್ಡ್ ಬಂತು: ‘ಕನ್ನಡಿಯಲ್ಲಿ ಬೆಳಕಿನ ವಕ್ರಭವನ’. ಒಂದೇ ಸಾಲಲ್ಲಿ ಎರಡು ತಪ್ಪು. ಕನ್ನಡಿ ಮಾಡುವುದು ಪ್ರತಿಫಲನ, ಅದನ್ನು ಇಲ್ಲಿಗೇ ಬಿಡೋಣ. ಇನ್ನು ‘ವಕ್ರಭವನ’ ಅಂದರೆ ಸೊಟ್ಟಗೆ ಕಟ್ಟಿದ ಕಟ್ಟಡ. ಒಳಗೆ ಕಾಫಿ ತಿಂಡಿ ಸಿಗಬಹುದು, ಬೆಳಕಿಗೂ ಅದಕ್ಕೂ ಸಂಬಂಧವಿಲ್ಲ.

ಸರಿಯಾದ ಪದ ‘ವಕ್ರೀಭವನ’, ಅಂದರೆ ಗಾಳಿಯಿಂದ ನೀರಿಗೋ ಗಾಜಿಗೋ ದಾಟುವಾಗ ಬೆಳಕು ದಾರಿ ಬದಲಿಸುವುದು. ಅದರಲ್ಲಿರುವ ದೀರ್ಘ ‘ಕ್ರೀ’ ಸುಮ್ನೆ ಬಂದಿಲ್ಲ. ಮೊದಲು ಹಾಗಿರದಿದ್ದದ್ದು ಆಮೇಲೆ ಹಾಗಾಯಿತು ಅನ್ನುವುದನ್ನು ಸಂಸ್ಕೃತದಲ್ಲಿ ಆ ಒಂದು ‘ಈ’ ಹೇಳಿಬಿಡುತ್ತದೆ. ಘನವಲ್ಲದ್ದು ಘನವಾದರೆ ಘನೀಭವನ. ಭವನ ಅಂದರೆ ಇಲ್ಲಿ ಆಗುವುದು. ತಾನಾಗಿ ಆದರೆ ಭವನ, ಯಾರಾದರೂ ಮಾಡಿದರೆ ಕರಣ: ಶುದ್ಧೀಕರಣ, ಕನ್ನಡೀಕರಣ. (ಕನ್ನಡೀಕರಣ ತಾನಾಗಿ ಆಗುವುದಿಲ್ಲ, ಅದು ಎಲ್ಲರಿಗೂ ಗೊತ್ತು ಅಲ್ವಾ.) ನೆಟ್ಟಗೆ ಬರುತ್ತಿದ್ದ ಬೆಳಕು ಸೊಟ್ಟಗಾಯಿತು, ಹಾಗಾಗಿ ವಕ್ರೀಭವನ.

ಹಾಗಂತ ಬೆಳಕೇನೂ ನೀರೊಳಗೆ ಆನೆ ಸೊಂಡಿಲಿನ ಹಾಗೆ ಬಳುಕುತ್ತ ಹೋಗುವುದಿಲ್ಲ. ‘ವಕ್ರ’ ಅಂದ ಕೂಡಲೇ ವಕ್ರತುಂಡ ನೆನಪಾಗುವುದೇ ಇಲ್ಲಿ ತೊಂದರೆ. ನೆನೆಯಬೇಕಾದ್ದು ಅಷ್ಟಾವಕ್ರನನ್ನು. ಅವನು ಎಂಟು ಕಡೆ ಸೊಟ್ಟ. ಬೆಳಕು ಒಂದೇ ಕಡೆ, ಗಾಳಿ ಮುಗಿದು ನೀರು ಶುರುವಾಗುವ ಗೆರೆಯಲ್ಲಿ. ಗಾಜಿನ ಲೋಟದ ನೀರಿಗೆ ಪೆನ್ಸಿಲ್ ಒಂದನ್ನು ಓರೆಯಾಗಿ ಇಟ್ಟು ನೋಡಿ. ಮೇಲೂ ನೇರ, ಒಳಗೂ ನೇರ, ನೀರು ಮುಟ್ಟುವ ಜಾಗದಲ್ಲಿ ಮಾತ್ರ ಮುರಿದ ಹಾಗೆ ಕಾಣುತ್ತದೆ. ರಿಫ್ರ್ಯಾಕ್ಷನ್ ಅನ್ನುವ ಇಂಗ್ಲಿಷ್ ಪದ ಹುಟ್ಟಿದ್ದೂ ‘ಮುರಿ’ ಅನ್ನುವ ಅರ್ಥದ ಲ್ಯಾಟಿನ್ ಧಾತುವಿನಿಂದ. ನಮ್ಮ ‘ವಕ್ರ’ಕ್ಕಿಂತ ಅದೇ ಜಾಸ್ತಿ ಸರಿ ಅಂತ ನನ್ನ ಲೆಕ್ಕ. ನಿಜವಾಗಿ ಬಳುಕುವ ಬೆಳಕು ಬೇಕಿದ್ದರೆ ಮಧ್ಯಾಹ್ನ ಕಾದ ಡಾಂಬರು ರಸ್ತೆಗೆ ಹೋಗಿ. ಅಲ್ಲಿ ಗಾಳಿಯ ಬಿಸಿ ರಸ್ತೆಯ ಕಡೆಗೆ ಸ್ವಲ್ಪ ಸ್ವಲ್ಪವೇ ಏರುತ್ತದೆ, ಇಲ್ಲಿ ಮುಗಿಯಿತು ಅನ್ನುವ ಗೆರೆಯೇ ಇಲ್ಲ. ಅದಕ್ಕೇ ಬಾಗುತ್ತ ಬಾಗುತ್ತ ಬರುತ್ತದೆ. ಮರೀಚಿಕೆ ಕಾಣುವುದು ಹಾಗೆ.

ಕಾರಣ ವೇಗ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುವ ಬೆಳಕು ನೀರಿನಲ್ಲಿ 2.25 ಲಕ್ಷಕ್ಕೆ ಇಳಿಯುತ್ತದೆ. ಗಾಳಿಯಲ್ಲಿನ ವೇಗವನ್ನು ನೀರಿನಲ್ಲಿನ ವೇಗದಿಂದ ಭಾಗಿಸಿದರೆ 1.33, ಅದೇ ನೀರಿನ ವಕ್ರೀಭವನ ಸೂಚ್ಯಂಕ. ವಜ್ರದ್ದು 2.42. ನೀರಿಗೆ ಲಂಬವಾಗಿ ಬಿದ್ದ ಬೆಳಕು ಮಾತ್ರ ವೇಗ ಕಳೆದುಕೊಂಡರೂ ದಾರಿ ಬದಲಿಸುವುದಿಲ್ಲ.

ಇದರ ಜೊತೆಗೇ ಬರುವ ‘ಸಾಂದ್ರ ಮಾಧ್ಯಮ’ (ಬೆಳಕನ್ನು ಹೆಚ್ಚು ನಿಧಾನ ಮಾಡುವ, ಅಂದರೆ ಸೂಚ್ಯಂಕ ಜಾಸ್ತಿ ಇರುವ ವಸ್ತು) ಅನ್ನುವುದನ್ನು ಓದಿ ದಯವಿಟ್ಟು ತೂಕದ ಲೆಕ್ಕ ಹಾಕಬೇಡಿ. ಸೀಮೆಎಣ್ಣೆ ನೀರಿನ ಮೇಲೆ ತೇಲುತ್ತದೆ, ಆದರೂ ಅದರ ಸೂಚ್ಯಂಕ 1.44. ಬೆಳಕಿನ ಮಟ್ಟಿಗೆ ಅದೇ ಸಾಂದ್ರ, ನೀರೇ ವಿರಳ.