ಅವಕೆಂಪು ರಿಸೀವರ್: ಕಂಪ್ಯೂಟರಿಗೆ ಮೂರು ಕಾಲಿನ ಕಣ್ಣು

ಟಿವಿ ರಿಮೋಟನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾ ಎದುರು ಹಿಡಿದು ಬಟನ್ ಒತ್ತಿ. ತುದಿಯ ಪುಟ್ಟ ಬಲ್ಬು ನಸುನೇರಳೆಯಾಗಿ ಮಿನುಗುತ್ತದೆ. ಬರಿಗಣ್ಣಿಗೆ ಮಾತ್ರ ಏನೂ ಕಾಣದು. ಆ ಬೆಳಕೇ ಅವಕೆಂಪು. 'ಅವ' ಅಂದರೆ ಕೆಳಗೆ. ಕಂಪನದ ಲೆಕ್ಕದಲ್ಲಿ ಕೆಂಪಿಗಿಂತ ಕೆಳಗಿನದು. 'ಅತಿಗೆಂಪು' ಅಂತಲೂ ಬರೆಯುತ್ತಾರೆ. ಅದನ್ನು ಕೇಳಿದರೆ ಕಡುಕೆಂಪು ಅನಿಸುತ್ತದೆ, ಹಾಗಾಗಿ ನನ್ನ ವೋಟು ಅವಕೆಂಪಿಗೇ.

ಹಾಗಾದರೆ ಅವಕೆಂಪು ರಿಸೀವರ್ ಅಂದರೆ ಆ ಬೆಳಕನ್ನು ಕಾಣುವ ಕಣ್ಣು, ಅಲ್ವಾ? ಬರೀ ಕಣ್ಣಾಗಿದ್ದರೆ ಉಪಯೋಗವಿರಲಿಲ್ಲ. ಅವಕೆಂಪು ಬಿಸಿಲಲ್ಲೂ ಇದೆ, ಬಚ್ಚಲೊಲೆಯ ಕೆಂಡದಲ್ಲೂ ಇದೆ. ರಾತ್ರಿ ಕಾರವಾರದ ಕಡೆ ಮರಳುವ ದೋಣಿಯವರಿಗೆ ದಡದ ತುಂಬ ದೀಪಗಳೇ. ಅದರಲ್ಲಿ ಲೈಟ್‌ಹೌಸ್ ಯಾವುದೆಂದು ತಿಳಿಯುವುದು ಅದು ಮಿನುಗುವ ರೀತಿಯಿಂದ. ರಿಸೀವರಿನದೂ ಅದೇ ಉಪಾಯ. ಹೆಚ್ಚಿನ ರಿಮೋಟುಗಳ ಬೆಳಕು ಸೆಕೆಂಡಿಗೆ ಸುಮಾರು 38,000 ಸಲ ಮಿನುಗುತ್ತದೆ. ಟಿಎಸ್‌ಒಪಿ 1738 ಎಂಬ ಕಡಲೆಕಾಳಿನಷ್ಟು ದೊಡ್ಡ, ಮೂರು ಕಾಲಿನ ಕರಿ ತುಣುಕು ಆ ಮಿನುಗನ್ನಷ್ಟೇ ಹಿಡಿದು ಉಳಿದದ್ದನ್ನು ಸೋಸಿಬಿಡುತ್ತದೆ.

ಹಳೇ ಡೆಸ್ಕ್‌ಟಾಪಿನ ಬೆನ್ನಿಗೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇದ್ದರೆ ಇದನ್ನು ಮನೆಯಲ್ಲೇ ಕೂರಿಸಿ, ಕಂಪ್ಯೂಟರನ್ನೂ ರಿಮೋಟಿನಿಂದ ನಡೆಸಬಹುದು. 7ನೇ ಪಿನ್ನಿನಿಂದ ಕರೆಂಟು, 5ನೆಯದು ಗ್ರೌಂಡ್, ಸಿಗ್ನಲ್ ಹೋಗುವುದು 1ನೆಯದಕ್ಕೆ. ನಡುವೆ 5 ವೋಲ್ಟಿಗೆ ಇಳಿಸುವ ರೆಗ್ಯುಲೇಟರ್, ಉಲ್ಟಾ ವೋಲ್ಟೇಜ್ ತಡೆಯಲು ಡಯೋಡ್, ಒಂದು ಕೆಪಾಸಿಟರ್, ಒಂದು ರೆಸಿಸ್ಟರ್. ಲಿನಕ್ಸಿನಲ್ಲಿ ಲರ್ಕ್ (LIRC) ಎಂಬ ತಂತ್ರಾಂಶ ಬೆಳಕು ಎಷ್ಟು ಹೊತ್ತು ಇತ್ತು, ಎಷ್ಟು ಹೊತ್ತು ಇರಲಿಲ್ಲ ಎಂದು ಅಳೆದು ಯಾವ ಬಟನ್ ಎಂದು ಹೇಳುತ್ತದೆ. ಎನ್‌ಇಸಿ ಎಂಬ ಸಂಕೇತ ಪದ್ಧತಿಯ ರಿಮೋಟಾದರೆ ಮೊದಲು 9 ಮಿಲಿಸೆಕೆಂಡ್ ಬೆಳಕು, 4.5 ಮಿಲಿಸೆಕೆಂಡ್ ಕತ್ತಲು, ಆಮೇಲೆ 32 ಬಿಟ್. ಕತ್ತಲು ಗಿಡ್ಡವಾದರೆ ಸೊನ್ನೆ, ಉದ್ದವಾದರೆ ಒಂದು.

ನನ್ನದು ಮೊದಲ ದಿನ ಕೆಲಸವನ್ನೇ ಮಾಡಲಿಲ್ಲ. ಏನು ಒತ್ತಿದರೂ ಕಂಪ್ಯೂಟರ್ ಸುಮ್ನೆ. ಬೆಸುಗೆ ಮೂರು ಸಲ ಬಿಚ್ಚಿ ಹಾಕಿದೆ. ಕೊನೆಗೆ ಭೂತಗನ್ನಡಿ ಹಿಡಿದು ನೋಡಿದರೆ ತುಣುಕಿನ ಮೈಮೇಲೆ 4838 ಎಂದಿತ್ತು. 1738ರಲ್ಲಿ ನಡುಗಾಲಿಗೆ 5 ವೋಲ್ಟ್, 4838ರಲ್ಲಿ ನಡುಗಾಲೇ ಗ್ರೌಂಡ್! ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ, ಓದದೆ ಬೆಸೆದವನು ನಾನು.

ಈಗ ಆಯಿ ಕುರ್ಚಿಯಲ್ಲೇ ಕೂತು ಹಾಡು ಬದಲಿಸುತ್ತಾಳೆ. ಎಲೆಕ್ಟ್ರಾನಿಕ್ ಚೋಕಿನ ಟ್ಯೂಬ್‌ಲೈಟೂ ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಿನುಗುವುದರಿಂದ ಒಮ್ಮೊಮ್ಮೆ ರಿಸೀವರಿಗೆ ತಲೆ ಕೆಡುತ್ತದೆ. ಆಗ ಅವಳು ಎದ್ದು ಹೋಗಿ ಲೈಟು ಆರಿಸಿ, ಮತ್ತೆ ಕುರ್ಚಿಗೆ ಬಂದು ರಿಮೋಟ್ ಒತ್ತುತ್ತಾಳೆ.