ಹಳೇ ಸಾಮಾನನ್ನು ಬಿಸಾಡಬೇಡಿ, ವಿಳಾಸ ಅದರಲ್ಲೇ ಇದೆ

ಹೋದ ತಿಂಗಳು ಒಬ್ಬ ಮೇಷ್ಟ್ರು ತಮ್ಮ 1999ರ ಮಾರುತಿ ಝೆನ್ ಕಾರು ತಂದು ಹಾಸನದ ನಮ್ಮ ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಗೇರ್ ಬಾಕ್ಸ್‌ನಿಂದ ಆಕ್ಸಲ್ ಹೊರಗೆ ಬರುವ ಜಾಗದಲ್ಲಿ ಆಯಿಲ್ ಸೋರುತ್ತಿತ್ತು. "ಮೂರು ಅಂಗಡಿ ತಿರುಗಿದೆ ಕಣಪ್ಪ, ಹಳೇ ಝೆನ್ ಅಂದ ತಕ್ಷಣ ಇಲ್ಲ ಅಂತ ಕೈ ಆಡಿಸಿಬಿಡ್ತಾರೆ. ಮಾರಿಬಿಡಿ ಅಂತಾರೆ" ಅಂದರು. ನಾನು ಅಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆ, ಅಂದರೆ ಸೀಲ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿಗೆ ಹಿಡಿದು ತೋರಿಸಿದೆ. ಸೀಲಿನ ಮುಖದ ಮೇಲೆ ಸುತ್ತಲೂ ಸಣ್ಣ ಸಣ್ಣ ಅಂಕಿ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಹಳೇ ಸೀಲನ್ನೂ ಜೇಬಿಗೆ ಹಾಕಿಕೊಂಡು ನಮ್ಮ ಹುಡುಗ ಹೋದ. ಮೇಷ್ಟ್ರು ಸುತ್ತಿದ್ದ ಆ ಮೂರು ಅಂಗಡಿಗಳಲ್ಲೇ ಒಂದರಲ್ಲಿ ಸಿಕ್ಕಿತು.

ಕಾರಿನ ಹೆಸರು ಹೇಳಿ ಕೇಳಿದರೆ ಅಂಗಡಿಯವರಿಗೆ ಆ ಕಾರಿನ ಡಬ್ಬಿ ಮಾತ್ರ ನೆನಪಾಗುತ್ತೆ. ಅಳತೆ ಹೇಳಿ ಕೇಳಿದರೆ ಇಡೀ ಅಂಗಡಿ ತೆರೆಯುತ್ತೆ. ಆಯಿಲ್ ಸೀಲಿನ ಮೇಲೆ 35-50-8 ಅಂತ ಇದ್ದರೆ ಒಳಗಿನ ತೂತು 35 ಮಿಲಿಮೀಟರ್, ಹೊರಗಿನ ಸುತ್ತು 50, ದಪ್ಪ 8 ಅಂತ ಅರ್ಥ. ಪಂಪಿಗೋ ಟ್ರ್ಯಾಕ್ಟರಿಗೋ ಅಂತ ತರಿಸಿಟ್ಟ ಸೀಲ್ ಅದೇ ಅಳತೆಯದ್ದಾಗಿದ್ದು, ತುಟಿ (ತಿರುಗುವ ಆಕ್ಸಲ್ಲಿಗೆ ತಾಗುವ ರಬ್ಬರ್ ಅಂಚು) ಮತ್ತು ರಬ್ಬರಿನ ಜಾತಿ ಕೂಡ ಹೊಂದಿದರೆ ಧೈರ್ಯವಾಗಿ ಹಾಕಬಹುದು. ಕೆಲವು ಸೀಲಿನ ಮೇಲೆ ತಿರುಗುವ ದಿಕ್ಕಿಗೆ ಬಾಣದ ಗುರುತು ಇರುತ್ತೆ. ಅದನ್ನು ನೋಡದೆ ಎಡಗಡೆಯದ್ದನ್ನು ಬಲಗಡೆ ಹಾಕಿದರೆ ಹೊಸ ಸೀಲೂ ಸೋರುತ್ತೆ. ಬೇರಿಂಗ್ ಕೂಡ ಹಾಗೇ. 6205 ಅಂತ ಕೆತ್ತಿದ್ದರೆ ಯಾವ ಕಂಪನಿ ಮಾಡಲಿ, ಯಾವ ದೇಶದಲ್ಲಿ ಮಾಡಲಿ, 25-52-15ರ ಅಳತೆಯೇ. ಡೈನಮೋ ಬೆಲ್ಟಿನ ಮೇಲೆ 4ಪಿಕೆ 800 ಅಂತ ಇದ್ದರೆ ನಾಲ್ಕು ಗೆರೆ, 800 ಮಿಲಿಮೀಟರ್ ಉದ್ದ. ಇಷ್ಟು ಗೊತ್ತಿದ್ದರೆ ಅರ್ಧ ಅಲೆದಾಟ ಕಡಿಮೆಯಾಗುತ್ತೆ.

ಅಳತೆ ಬರೆಯದ ಸಾಮಾನಿಗೆ ಪಾರ್ಟ್ ನಂಬರ್ ಇರುತ್ತೆ. ಮಾರುತಿ, ಸುಜುಕಿಯಲ್ಲಿ ಮೊದಲ ಐದು ಅಂಕಿ ಅದು ಯಾವ ಸಾಮಾನು ಅಂತ ಹೇಳುತ್ತೆ. 16510 ಅಂದರೆ ಆಯಿಲ್ ಫಿಲ್ಟರ್. ಮುಂದಿನ ಭಾಗ ಯಾವ ಮಾಡೆಲ್‌ಗೆ ಅನ್ನೋದನ್ನು ಹೇಳುತ್ತೆ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೂಡ ಜೊತೆಗಿರಲಿ. ಒಂದೇ ಮಾಡೆಲ್‌ನಲ್ಲಿ ಮಧ್ಯದಲ್ಲಿ ಸಾಮಾನು ಬದಲಾಗಿರುತ್ತೆ. ಕಾರ್ಬ್ಯುರೇಟರ್ ಇರುವ ಮಾರುತಿ 800ಕ್ಕೂ ಎಂಪಿಎಫ್ಐ (ಪೆಟ್ರೋಲನ್ನು ಇಂಜೆಕ್ಟರ್ ಮೂಲಕ ಚಿಮ್ಮಿಸುವ ವ್ಯವಸ್ಥೆ) ಬಂದ ಮೇಲಿನ 800ಕ್ಕೂ ಎಷ್ಟೋ ವ್ಯತ್ಯಾಸ ಇದೆ, ಹೆಸರು ಮಾತ್ರ ಒಂದೇ.

ಇನ್ನು ಒಳ್ಳೆ ಮಾಲು ಯಾವುದು ಅನ್ನೋ ಪ್ರಶ್ನೆ. ಕಾರ್ ಕಂಪನಿಯವರು ಎಲ್ಲವನ್ನೂ ತಾವೇ ಮಾಡಲ್ಲ. ಶಾಕ್ ಅಬ್ಸಾರ್ಬರ್ ಗೇಬ್ರಿಯಲ್‌ನವರು, ಸ್ಟೇರಿಂಗ್ ಸಾಮಾನು ರಾಣೆಯವರು, ಡೈನಮೋ, ಸೆಲ್ಫ್ ಮೋಟರ್ ಲೂಕಾಸ್ ಟಿವಿಎಸ್‌ನವರು, ಹೀಗೆ ಬೇರೆ ಬೇರೆಯವರು ಮಾಡಿ ಕೊಡುತ್ತಾರೆ. ಅವರೇ ತಮ್ಮ ಹೆಸರಿನ ಡಬ್ಬಿಯಲ್ಲೂ ಮಾರುತ್ತಾರೆ. ನಿಮ್ಮ ಕಾರಿನ ಹಳೇ ಸಾಮಾನಿನ ಮೇಲೆ ಯಾರ ಹೆಸರಿದೆ ನೋಡಿ, ಅದೇ ಹೆಸರಿನ ಡಬ್ಬಿ ತಗೊಳ್ಳಿ. ಕಾರ್ ಕಂಪನಿ ಕೈಬಿಟ್ಟ ಮಾಡೆಲ್‌ಗೂ ಬಹಳ ಸಲ ಇವರ ಹತ್ತಿರ ಸಾಮಾನು ಇರುತ್ತೆ, ಬೆಲೆಯೂ ಜಾಸ್ತಿ ಇರಲ್ಲ.

ನಾನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ಒಂದು ಮಾರುತಿ 800ರ ಹಿಂದಿನ ಬ್ರೇಕ್ ವೀಲ್ ಸಿಲಿಂಡರಿಗೆ ಕಪ್ ಕಿಟ್, ಅಂದರೆ ಒಳಗಿನ ರಬ್ಬರ್ ಸಾಮಾನಿನ ಸೆಟ್ ಹಾಕಿದ್ದೆ. ಗೊತ್ತಿರುವ ಕಂಪನಿ ಹೆಸರಿನ ಸ್ಟಿಕ್ಕರ್ ಇತ್ತು, ಪ್ಲಾಸ್ಟಿಕ್ ಕವರ್, ಬಿಲ್ ಇಲ್ಲ, ಬೆಲೆ ಅರ್ಧಕ್ಕಿಂತ ಕಡಿಮೆ. ಮೂರು ವಾರಕ್ಕೆ ಫೋನ್ ಬಂತು. "ಅಣ್ಣಾ, ಕಾರು ಎಳೀತಾ ಇಲ್ಲ, ಹಿಂದಿನ ಚಕ್ರದಿಂದ ಸುಟ್ಟ ವಾಸನೆ ಬರ್ತಿದೆ." ಅವರು ಸಕಲೇಶಪುರದಲ್ಲಿದ್ದರು. ಹೆಂಡತಿ, ಎರಡು ಮಕ್ಕಳು ಕಾರಿನಲ್ಲಿ. ಮುಂದೆ ಶಿರಾಡಿ ಘಾಟಿ ಇಳಿಯಬೇಕಿತ್ತು. ಅಲ್ಲೇ ನಿಲ್ಲಿಸಿ ಅಂತ ಹೇಳಿ ನಾನೇ ಹೋದೆ. ಡ್ರಮ್ ಬಿಚ್ಚಿ ಸಿಲಿಂಡರ್ ತೆಗೆದರೆ ಒಳಗಿನ ರಬ್ಬರ್ ಕಪ್‌ಗಳು ನೆನೆಸಿಟ್ಟ ಅವರೆಕಾಳಿನ ಹಾಗೆ ಉಬ್ಬಿದ್ದವು. ಉಗುರು ಒತ್ತಿದರೆ ಗುರುತು ಉಳಿಯುತ್ತಿತ್ತು. ಪಿಸ್ಟನ್ ಹಿಂದಕ್ಕೆ ಬರದೆ ಸಿಕ್ಕಿಕೊಂಡು ಬ್ರೇಕ್ ಶೂ ಡ್ರಮ್ಮಿಗೆ ಉಜ್ಜುತ್ತಲೇ ಇತ್ತು.

ಬ್ರೇಕ್ ಆಯಿಲ್ ಅಂತ ನಾವು ಬಾಯಿಮಾತಿಗೆ ಕರೆಯೋದು ನಿಜವಾಗಿ ಎಣ್ಣೆಯಲ್ಲ, ಗ್ಲೈಕಾಲ್. ಅದಕ್ಕೆ ಇಪಿಡಿಎಂ ತರಹದ ರಬ್ಬರ್ ಬೇಕು. ಎಂಜಿನ್ ಆಯಿಲ್ ತಡೆಯುವ ಮಾಮೂಲಿ ರಬ್ಬರಿನಲ್ಲಿ ಕಪ್ ಮಾಡಿದರೆ ನೋಡೋಕೆ ಒಂದೇ ತರ ಇರುತ್ತೆ, ಆದರೆ ಗ್ಲೈಕಾಲಿನಲ್ಲಿ ಉಬ್ಬುತ್ತೆ. ಅವತ್ತಿನಿಂದ ನಾನು ಹೊಸ ಕಡೆಯಿಂದ ತಂದರೆ ಒಂದು ಕಿಟ್ ಜಾಸ್ತಿ ತರುತ್ತೇನೆ. ಅದರ ಕಪ್ಪನ್ನು ವರ್ನಿಯರ್‌ನಲ್ಲಿ ಅಳೆದು ಬ್ರೇಕ್ ಆಯಿಲಿನಲ್ಲಿ ಮೂರು ದಿನ ಮುಳುಗಿಸಿಟ್ಟು ಮತ್ತೆ ಅಳೆಯುತ್ತೇನೆ. ಒಳ್ಳೆಯದು ಕೂಡ ಕೂದಲೆಳೆಯಷ್ಟು ಉಬ್ಬಬಹುದು. ಕಣ್ಣಿಗೆ ಕಾಣುವಷ್ಟು ಉಬ್ಬಿದರೆ ಇಡೀ ಮಾಲು ವಾಪಸ್. ಗಿರಾಕಿಗೆ ಮೂರು ದಿನ ತಡವಾಗುತ್ತೆ, ಆಗಲಿ.

ಡಬ್ಬಿ, ಹಾಲೋಗ್ರಾಮ್ ನೋಡಿ ನಂಬಿಬಿಡಬೇಡಿ, ಅವನ್ನೂ ನಕಲಿ ಮಾಡುತ್ತಾರೆ. ಹಳೆಯದನ್ನು ಒಂದು ಕೈಯಲ್ಲಿ, ಹೊಸದನ್ನು ಇನ್ನೊಂದು ಕೈಯಲ್ಲಿ ಹಿಡಿದು ತೂಕ ನೋಡಿ. ಎರಕದ ಅಂಚು ಒರಟಾಗಿದೆಯಾ, ನಂಬರ್ ಕೆತ್ತಿದ್ದಾರಾ ಅಥವಾ ಇಂಕಿನಲ್ಲಿ ಒತ್ತಿದ್ದಾರಾ ನೋಡಿ. ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಕೊಡೋಕೆ ಹಿಂದೆಮುಂದೆ ನೋಡುವ ಕಡೆ ಬ್ರೇಕಿನ ಸಾಮಾನು ತಗೊಳ್ಳಲೇಬೇಡಿ.

ಗುಜರಿಗೆ ಹೋಗಬಹುದಾ ಅಂತ ಬಹಳ ಜನ ಕೇಳುತ್ತಾರೆ. ಖಂಡಿತ ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು ಸಿಗದಿದ್ದರೆ ಶಿವಾಜಿನಗರದ ಗುಜರಿ ಇದೆ. ಬಾಗಿಲು, ಗಾಜು, ಹೆಡ್‌ಲೈಟ್, ಡಿಕ್ಕಿ ಲಾಕ್, ಸೀಟಿನ ಕಂಬಿ, ಗೇರ್ ಬಾಕ್ಸ್‌ನ ಹಲ್ಲುಚಕ್ರ, ಇವನ್ನೆಲ್ಲ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಆರಿಸಬಹುದು. ಬ್ರೇಕ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಪೆಟ್ರೋಲ್ ಪೈಪ್, ಏರ್‌ಬ್ಯಾಗ್ ಮಾತ್ರ ಗುಜರಿಯಿಂದ ಬೇಡ. ಎಷ್ಟು ಸವೆದಿದೆ ಅಂತ ಹೊರಗಿನಿಂದ ಗೊತ್ತಾಗಲ್ಲ.

ಒಂದು ಕಾರಿನದ್ದು ಇನ್ನೊಂದಕ್ಕೆ ಕೂಡುವ ವಿಚಾರವೂ ಇದೆ. 800ರ 796 ಸಿಸಿ ಎಂಜಿನ್ನೇ ಓಮ್ನಿಯಲ್ಲೂ ಇತ್ತು. 800 ನಿಂತಿದ್ದು 2014ರಲ್ಲಿ, ಓಮ್ನಿ 2019ರವರೆಗೂ ಬಂತು. ಅದಕ್ಕೇ 800ರ ಎಂಜಿನ್ ಸಾಮಾನಿಗೆ ಇವತ್ತಿಗೂ ತೊಂದರೆ ಇಲ್ಲ. ಫಿಯೆಟ್‌ನ 1.3 ಮಲ್ಟಿಜೆಟ್ ಡೀಸೆಲ್ ಎಂಜಿನ್ನಂತೂ ಪುಂಟೊ, ಲಿನಿಯಾ ಅಷ್ಟೇ ಅಲ್ಲ, ಸ್ವಿಫ್ಟ್, ಡಿಜೈರ್, ರಿಟ್ಜ್, ಟಾಟಾ ವಿಸ್ಟಾ, ಷೆವರ್ಲೆ ಸೈಲ್‌ವರೆಗೂ ಹರಡಿತ್ತು. ಲಿನಿಯಾ ಇಟ್ಟುಕೊಂಡವರು ಎಂಜಿನ್ನಿನ ಒಳಗಿನ ಸಾಮಾನಿಗೆ ಸ್ವಿಫ್ಟ್ ಅಂಗಡಿಗೆ ಹೋಗಿ, ನಂಬರ್ ಹೊಂದಿಸಿ ನೋಡಿ. ಆದರೆ 75 ಹಾರ್ಸ್‌ಪವರ್‌ನದ್ದಕ್ಕೂ 90ರದ್ದಕ್ಕೂ ಟರ್ಬೊ ಬೇರೆ. ಎಂಜಿನ್ ಮೌಂಟಿಂಗ್ ಆಯಾ ಕಾರಿಗೆ ಬೇರೆ. ಎಂಜಿನ್ ಒಂದೇ ಅಂದಮಾತ್ರಕ್ಕೆ ಎಲ್ಲವೂ ಕೂಡಲ್ಲ.

15 ವರ್ಷ ತುಂಬಿದ ಕಾರಿನ ಆರ್‌ಸಿ ನವೀಕರಣಕ್ಕೆ 2022ರ ಏಪ್ರಿಲ್‌ನಲ್ಲಿ ಶುಲ್ಕ 600ರಿಂದ 5000 ರೂಪಾಯಿಗೆ ಏರಿತು. ಅಷ್ಟು ಕಟ್ಟಿ ಐದು ವರ್ಷಕ್ಕೆ ಕಾರು ಉಳಿಸಿಕೊಂಡವರು ಸಾಮಾನು ಕೂಡಿಟ್ಟುಕೊಳ್ಳಲು ಶುರು ಮಾಡುತ್ತಾರೆ. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸೋದಾಗಿ ಹೇಳಿತು. ಹಾಗಾಗಿ ಆ ಕಾರುಗಳವರ ಆತಂಕ ನನಗೆ ಅರ್ಥವಾಗುತ್ತೆ. ನಮ್ಮ ಒಬ್ಬ ಗಿರಾಕಿ ತಮ್ಮ ಷೆವರ್ಲೆ ಸ್ಪಾರ್ಕ್‌ಗೆ ಅಂತ ನಾಲ್ಕು ಟೈಮಿಂಗ್ ಬೆಲ್ಟ್ ತಂದು ಅಟ್ಟದ ಮೇಲೆ, ಶೀಟಿನ ಬಿಸಿಯಲ್ಲಿ ಇಟ್ಟಿದ್ದರು. ಒಂದನ್ನು ತೆಗೆದು ಹಿಂದಕ್ಕೆ ಸ್ವಲ್ಪ ಬಾಗಿಸಿದೆ, ಹಲ್ಲಿನ ಬುಡದಲ್ಲಿ ಸಣ್ಣ ಬಿರುಕು ಕಾಣಿಸಿತು. ಹಾಕದೆ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತೆ. ನಾಲ್ಕನ್ನೂ ಕತ್ತರಿಸಿ ಹಾಕಿದೆವು, ಯಾರೂ ತಪ್ಪಿ ಕಾರಿಗೆ ಹಾಕಬಾರದು ಅಂತ. ಅದರ ಬದಲು ಬಾಗಿಲಿನ ಹಿಡಿ, ಹೆಡ್‌ಲೈಟ್, ಗಾಜು ಇಳಿಸುವ ಮಿಷಿನ್, ಡೋರ್ ಲಾಕ್ ಪಟ್ಟಿ ಮಾಡಿ ಕೊಟ್ಟಿದ್ದೇನೆ. ಬೆಲ್ಟಿನ ನಂಬರನ್ನು ಬಾನೆಟ್ ಒಳಗೆ ಪೇಂಟಿನಲ್ಲಿ ಬರೆದಿದ್ದೇನೆ, ಬೇಕಾದಾಗ ಹೊಸದು ತರಿಸೋಣ ಅಂತ.