‘ಲಾಸ್ಟ್’ ಕಮಾಂಡ್ ಎಲ್ಲಿ ಹೋಯಿತು? ಲಿನಕ್ಸ್ ಲಾಗಿನ್ ದಾಖಲೆಯ ಹಿನ್ನೆಲೆ

ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್ 13 ಇರುವ ಸರ್ವರ್‌ನಲ್ಲಿ ‘ಲಾಸ್ಟ್’ ಎಂದು ಟೈಪ್ ಮಾಡಿದರೆ ‘ಕಮಾಂಡ್ ನಾಟ್ ಫೌಂಡ್’ ಎಂದು ಬರುತ್ತದೆ. ನಿನ್ನೆ ರಾತ್ರಿ ಯಾರು ಲಾಗಿನ್ ಆಗಿದ್ದರು, ಯಾವ ಐಪಿಯಿಂದ ಬಂದಿದ್ದರು, ಎಷ್ಟು ಹೊತ್ತು ಇದ್ದರು ಎಂದು ನೋಡಲು ಅಡ್ಮಿನ್‌ಗಳ ಕೈ ಮೊದಲು ಹೋಗುತ್ತಿದ್ದುದು ಇದೇ ಕಮಾಂಡ್‌ಗೆ. 2025ರ ಆಗಸ್ಟ್‌ನಲ್ಲಿ ಬಂದ ಈ ಆವೃತ್ತಿಯಲ್ಲಿ ವಿಫಲ ಲಾಗಿನ್‌ಗಳನ್ನು ತೋರಿಸುವ ‘ಲಾಸ್ಟ್‌ಬಿ’, ಕೊನೆಯ ಲಾಗಿನ್ ತೋರಿಸುವ ‘ಲಾಸ್ಟ್‌ಲಾಗ್’ ಕೂಡ ಇಲ್ಲ.

1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಯುಟಿಎಂಪಿ ಮತ್ತು ಡಬ್ಲ್ಯುಟಿಎಂಪಿ ಫೈಲ್‌ಗಳ ವಿವರಣೆ ಇದೆ. ಮೊದಲನೆಯದು ಈಗ ಒಳಗಿರುವವರ ಪಟ್ಟಿ, ಎರಡನೆಯದು ಬಂದುಹೋದವರ ಪುಸ್ತಕ; ‘ಲಾಸ್ಟ್’ ಓದುತ್ತಿದ್ದುದು ಇದನ್ನೇ. ವಿಫಲ ಲಾಗಿನ್‌ಗಳ ಬಿಟಿಎಂಪಿ, ಪ್ರತಿ ಬಳಕೆದಾರರ ಕೊನೆಯ ಲಾಗಿನ್ ಹೇಳುವ ಲಾಸ್ಟ್‌ಲಾಗ್ ಆಮೇಲೆ ಸೇರಿಕೊಂಡವು.

ಇಂಟೆಲ್, ಎಎಂಡಿಯ 64 ಬಿಟ್ ಪಿಸಿ, ಸರ್ವರ್‌ಗಳಲ್ಲಿ ಡಬ್ಲ್ಯುಟಿಎಂಪಿಯ ಪ್ರತಿ ದಾಖಲೆ ಸರಿಯಾಗಿ 384 ಬೈಟ್: ಹೆಸರಿಗೆ 32, ಟರ್ಮಿನಲ್‌ಗೆ 32, ಎಲ್ಲಿಂದ ಬಂದರು ಎನ್ನುವುದಕ್ಕೆ 256, ಉಳಿದದ್ದು ಪ್ರೊಸೆಸ್ ಸಂಖ್ಯೆ, ಸಮಯ ಇತ್ಯಾದಿಗೆ. ಲಾಗೌಟ್ ಆದಾಗ ಹಳೆಯ ದಾಖಲೆಯನ್ನು ತಿದ್ದುವುದಿಲ್ಲ, ಅದೇ ಟರ್ಮಿನಲ್‌ನ ಹೆಸರಲ್ಲಿ ಇನ್ನೊಂದು ದಾಖಲೆ ಸೇರುತ್ತದೆ. ‘ಲಾಸ್ಟ್’ ಫೈಲನ್ನು ಕೊನೆಯಿಂದ ಹಿಂದಕ್ಕೆ ಓದುತ್ತಾ ಇವೆರಡನ್ನು ಜೋಡಿ ಮಾಡುತ್ತದೆ. ಕರೆಂಟ್ ಹೋಗಿ ಯಂತ್ರ ನಿಂತರೆ ಜೋಡಿ ಸಿಗುವುದಿಲ್ಲ. ಆಗ ಲಾಗೌಟ್ ಸಮಯದ ಜಾಗದಲ್ಲಿ ‘ಕ್ರ್ಯಾಶ್’ ಎಂದು ಕಾಣುತ್ತದೆ. ತಿದ್ದಿದ್ದನ್ನು ಪತ್ತೆಹಚ್ಚುವ ಚೆಕ್‌ಸಮ್ ಇಲ್ಲಿ ಇಲ್ಲ. ಯಂತ್ರದ ಪೂರ್ಣ ಹಿಡಿತ ಕೊಡುವ ರೂಟ್ ಅಧಿಕಾರ ಸಿಕ್ಕವನು 384 ಸೊನ್ನೆ ಬೈಟ್‌ಗಳನ್ನು ಬರೆದು ತನ್ನ ಗುರುತನ್ನು ಅಳಿಸಬಹುದು.

ಬಿಟಿಎಂಪಿಯ ತೊಂದರೆ ಬೇರೆ. ಅವಸರದಲ್ಲಿ ಯೂಸರ್‌ನೇಮ್ ಜಾಗದಲ್ಲಿ ಪಾಸ್‌ವರ್ಡ್ ಟೈಪ್ ಮಾಡಿದರೆ ಅದು ಇದ್ದ ಹಾಗೇ ಫೈಲಿಗೆ ಹೋಗಿ ಕೂರುತ್ತದೆ. ಆದ್ದರಿಂದಲೇ ಅದನ್ನು ಎಲ್ಲರಿಗೂ ಓದಲು ಬಿಡುವುದಿಲ್ಲ. ಲಾಸ್ಟ್‌ಲಾಗ್‌ನಲ್ಲಿ ದಾಖಲೆಯ ಜಾಗ ನಿರ್ಧಾರವಾಗುವುದು ಯುಐಡಿಯನ್ನು, ಅಂದರೆ ಬಳಕೆದಾರರ ಸಂಖ್ಯೆಯನ್ನು, 292 ಬೈಟ್‌ನಿಂದ ಗುಣಿಸಿ. ಕಚೇರಿಯ ಡೈರೆಕ್ಟರಿ ಸರ್ವರ್‌ನಿಂದ ಬಂದ ಯುಐಡಿ 100 ಕೋಟಿಯಷ್ಟಿದ್ದರೆ ಫೈಲ್ 292 ಜಿಬಿ ಎಂದು ಕಾಣುತ್ತದೆ. ಡಿಸ್ಕ್‌ನಲ್ಲಿ ನಿಜವಾಗಿ ಹಿಡಿದಿರುವುದು ಕೆಲವೇ ಕೆಬಿ. ಖಾಲಿ ಜಾಗವನ್ನು ಗುರುತಿಸದ ಬ್ಯಾಕಪ್ ಸಾಧನ ಅಷ್ಟನ್ನೂ ಸೊನ್ನೆಗಳಾಗಿ ಬರೆದು ಡಿಸ್ಕ್ ತುಂಬಿಸಿಬಿಡುತ್ತದೆ.

ಇಷ್ಟನ್ನೂ ಸಹಿಸಿಕೊಂಡಿದ್ದ ವ್ಯವಸ್ಥೆಯನ್ನು ಕದಲಿಸಿದ್ದು 2038. ಅದೇ ಯಂತ್ರದಲ್ಲಿ ಓಡುವ 32 ಬಿಟ್ ಪ್ರೋಗ್ರಾಂಗಳೂ ಓದಲಿ ಎಂದು ಇಲ್ಲಿ ಸಮಯ ಎಣಿಸುವ ಸೆಕೆಂಡುಗಳಿಗೆ ನಾಲ್ಕೇ ಬೈಟ್ ಉಳಿಸಿಕೊಳ್ಳಲಾಗಿತ್ತು. 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಆ ಎಣಿಕೆ ಮುಗಿಯುತ್ತದೆ. ಜಾಗ ಹಿಗ್ಗಿಸಿದರೆ ಹಳೆಯ ಪ್ರೋಗ್ರಾಂಗಳು ತಪ್ಪಾಗಿ ಓದುತ್ತವೆ. ಅಷ್ಟರಲ್ಲಿ ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಲಾಗಿನ್‌ಡಿ ಎಂಬ ಭಾಗ ಸೆಷನ್‌ಗಳ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತಿತ್ತು. ಹೀಗಾಗಿ ಹಳೆಯ ಫೈಲ್‌ಗಳನ್ನು ತಿದ್ದುವ ಬದಲು ಕೈಬಿಡುವ ದಾರಿ ಹಿಡಿಯಲಾಯಿತು. ಇತಿಹಾಸಕ್ಕೆ ‘ಡಬ್ಲ್ಯುಟಿಎಂಪಿಡಿಬಿ’, ಕೊನೆಯ ಲಾಗಿನ್‌ಗೆ ‘ಲಾಸ್ಟ್‌ಲಾಗ್2’ ಬಂದವು. ಎರಡೂ ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸುತ್ತವೆ.

ತಾಂತ್ರಿಕವಾಗಿ ಇದು ಸರಿಯಾದ ನಿರ್ಧಾರವೇ. ಆದರೆ ಹೊಸದನ್ನು ನಾವೇ ಇನ್‌ಸ್ಟಾಲ್ ಮಾಡಿಕೊಳ್ಳಬೇಕು, ಹೊಸ ಲಾಗಿನ್‌ಗಳು ಅದರಲ್ಲಿ ದಾಖಲಾಗುವುದೂ ಅಂದಿನಿಂದಲೇ. ಅಲ್ಲಿಯವರೆಗೆ ಸಿಸ್ಟಂಡಿ ಬರೆದಿಡುವ ಲಾಗ್ ಆದ ಜರ್ನಲ್ ಒಂದೇ ಗತಿ. ಲಾಗ್‌ಗಳನ್ನು ಪಠ್ಯ ಫೈಲ್‌ಗಳಿಗೆ ಬರೆಯುವ ಆರ್‌ಸಿಸ್‌ಲಾಗ್ ಡೆಬಿಯನ್ 12ರಿಂದ ತಾನಾಗಿ ಬರುತ್ತಿಲ್ಲವಾದ್ದರಿಂದ ಹೊಸ ಇನ್‌ಸ್ಟಾಲ್‌ಗಳಲ್ಲಿ ಲಾಗಿನ್ ಪ್ರಯತ್ನಗಳ ‘ಆಥ್.ಲಾಗ್’ ಫೈಲೂ ಇರುವುದಿಲ್ಲ. ಜರ್ನಲ್‌ನ ಮಿತಿ ಡಿಸ್ಕ್‌ನ ಶೇ 10, ಹೆಚ್ಚೆಂದರೆ 4 ಜಿಬಿ. ಇಂಟರ್ನೆಟ್‌ಗೆ ತೆರೆದ ಸರ್ವರ್‌ಗೆ ಹಗಲೂ ರಾತ್ರಿ ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಬಡಿಯುತ್ತಲೇ ಇರುತ್ತವೆ. ಆ ಸಾಲುಗಳ ರಾಶಿ ಬೆಳೆದಂತೆ ನಿಜವಾದ ಲಾಗಿನ್ ಸಾಲುಗಳೂ ಹಳತಾಗಿ ಅಳಿಯುತ್ತವೆ. ಡಬ್ಲ್ಯುಟಿಎಂಪಿ ಈ ಗದ್ದಲದಿಂದ ದೂರವಿತ್ತು. ಅದು ದೊಡ್ಡ ಅನುಕೂಲ, ಬದಲಾವಣೆಯ ಚರ್ಚೆಯಲ್ಲಿ ಅದಕ್ಕೆ ಸಿಗಬೇಕಾದ ತೂಕ ಸಿಗಲಿಲ್ಲ.

ಹಾಗಾಗಿ ಸರ್ವರ್ ಕಟ್ಟಿದ ದಿನವೇ ಡಬ್ಲ್ಯುಟಿಎಂಪಿಡಿಬಿ ಮತ್ತು ಲಾಸ್ಟ್‌ಲಾಗ್2 ಪ್ಯಾಕೇಜ್‌ಗಳನ್ನು, ಜೊತೆಗೆ ‘ಲಿಬ್‌ಪ್ಯಾಮ್’ ಎಂದು ಶುರುವಾಗುವ ಅವುಗಳ ಪ್ಯಾಮ್ (ಲಾಗಿನ್ ಪರಿಶೀಲಿಸುವ ವ್ಯವಸ್ಥೆ) ಮಾಡ್ಯೂಲ್‌ಗಳನ್ನು ಹಾಕಿ. ಮಾಡ್ಯೂಲ್ ಬಿಟ್ಟರೆ ಕಮಾಂಡ್ ಓಡುತ್ತದೆ, ಲಾಗಿನ್‌ಗಳ ದಾಖಲೆ ಮಾತ್ರ ಪೂರ್ತಿ ಇರುವುದಿಲ್ಲ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಕಾನ್ಫಿಗ್‌ನಲ್ಲಿ ‘ಯೂಸ್‌ಪ್ಯಾಮ್ ಯೆಸ್’ ಇರಬೇಕು, ಇಲ್ಲವಾದರೆ ಎಸ್‌ಎಸ್‌ಎಚ್ ಲಾಗಿನ್‌ಗಳಿಗೆ ಈ ಮಾಡ್ಯೂಲ್‌ಗಳು ಓಡುವುದಿಲ್ಲ. ಒಮ್ಮೆ ಹೊರಹೋಗಿ ಮತ್ತೆ ಲಾಗಿನ್ ಆಗಿ ‘ಡಬ್ಲ್ಯುಟಿಎಂಪಿಡಿಬಿ ಲಾಸ್ಟ್’ ಓಡಿಸಿ ನೋಡಿ. ಹಳೆಯ ಲಾಸ್ಟ್‌ಲಾಗ್ ಫೈಲನ್ನು ಲಾಸ್ಟ್‌ಲಾಗ್2ರ ‘ಇಂಪೋರ್ಟ್’ ಆಯ್ಕೆಯಿಂದ ಒಳತರಬಹುದು. ವಿಫಲ ಪ್ರಯತ್ನಗಳನ್ನು ಮಾತ್ರ ಇವೆರಡೂ ಬರೆದಿಡುವುದಿಲ್ಲ. ಅವು ಬೇಕಿದ್ದರೆ ಜರ್ನಲ್‌ನ ‘ಸಿಸ್ಟಮ್‌ಮ್ಯಾಕ್ಸ್‌ಯೂಸ್’ ಮಿತಿಯನ್ನು ಏರಿಸಿ, ಇಲ್ಲವೇ ಲಾಗ್‌ಗಳನ್ನು ಬೇರೆ ಯಂತ್ರಕ್ಕೆ ಕಳಿಸಿ.